ತಾಯಿಗಿಡಕ್ಕೆ ಹಚ್ಚಿದ ಕುಂಕುಮ

ಹೊರಗೆ ಸನತ್‌ನಗರದ ಕಾರ್ಖಾನೆಗಳ ಹೊಗೆ, ಒಳಗೆ ಒಂದು ಚಿಗುರಿನಿಂದ ಬಾಟಲಿಯಲ್ಲಿ ನೂರಾರು ಸಸಿ ಮಾಡುವ ನಮ್ಮ ಟಿಷ್ಯೂ ಕಲ್ಚರ್ ಲ್ಯಾಬು. ಹೈದರಾಬಾದಿನ ಬೇಸಿಗೆಗೆ ಸಡ್ಡು ಹೊಡೆದು ಅಲ್ಲಿ ಪರಿಮಳದ ಎಣ್ಣೆಗಾಗಿ ಲ್ಯಾವೆಂಡರ್ ಬೆಳೆಸಲು ಹೊರಟಿದ್ದರು ಬೀದರಿನ ನಮ್ಮ ಮಾಲೀಕರು. ನಾನು ಕಲಬುರಗಿಯವಳು, ವರ್ಷದ ಗುತ್ತಿಗೆಯ ಮೇಲಿದ್ದೆ. ಆ ಗುತ್ತಿಗೆ ಮುಂದುವರಿಯುವುದು ಲ್ಯಾವೆಂಡರಿನ ಕೈಯಲ್ಲಿತ್ತು.

ಚಿಗುರು ತೆಗೆಯಬೇಕಾದ ತಾಯಿಗಿಡವನ್ನು ಮಾಲೀಕರೇ ಯಾವುದೋ ನರ್ಸರಿಯಿಂದ ತೊಡೆಯ ಮೇಲಿಟ್ಟುಕೊಂಡು ತಂದರು. ನಾವು ತಲೆಗೆ ಟೊಪ್ಪಿಗೆ ಹಾಕದೆ ಒಳಗೆ ಕಾಲಿಟ್ಟರೆ ಕೂಗಾಡುವ ಮನುಷ್ಯ, ಕುಂಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಕರ್ಪೂರ ಬೆಳಗಿದರು.

"ಒಂದು ಹಿಡಿ ಎಲಿ ಕೊಡ್ರಿ ಸಾಹೇಬ್ರ, ಮೊದ್ಲು ಎಣ್ಣಿ ತಗದು ನೋಡೋಣು," ಎಂದೆ.

"ಮುತ್ತೈದಿ ಇದ್ದಂಗ ಐತಿ ತಂಗಿ. ಕುಂಕುಮ ಹಚ್ಚಿದ ಮ್ಯಾಲ ಎಲಿ ಹರಿತಾರೇನು? ನಾಕು ಚಿಗುರು ತಗೋ, ಸಾಕು."

ತೆಗೆದುಕೊಂಡೆ. ಬೆರಳಿಗೆ ಕರ್ಪೂರದ ವಾಸನೆ ಹತ್ತಿತು. ಪೂಜೆಯದೇ ಇರಬೇಕು ಎಂದು ಸಮಾಧಾನ ಹೇಳಿಕೊಂಡೆ. ಅಲ್ಲವೆಂದು ಗೊತ್ತಿತ್ತು, ಒಳ್ಳೆಯ ತಳಿಯ ಲ್ಯಾವೆಂಡರ್ ಕರ್ಪೂರ ನಾರುವುದಿಲ್ಲ, ಆದರೆ ಮಾಲೀಕರನ್ನು ಎದುರುಹಾಕಿಕೊಳ್ಳುವ ಧೈರ್ಯ ಇರಲಿಲ್ಲ.

ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಟಿಷ್ಯೂ ಕಲ್ಚರಿನಲ್ಲಂತೂ ಮಗಳಿಗೆ ಬೇರೆ ದಾರಿಯೇ ಇಲ್ಲ. ಬಾಟಲಿಯಲ್ಲಿ ಒಂದು ಚಿಗುರು ಹತ್ತಾಯಿತು, ಹತ್ತು ನೂರಾಯಿತು, ಎಲ್ಲವೂ ಅದೇ ಗಿಡ. ಒಂದು ತಪ್ಪನ್ನು ಇಷ್ಟು ಶುಚಿಯಾಗಿ, ಇಷ್ಟು ಶ್ರದ್ಧೆಯಿಂದ ಯಾರೂ ಸಾಕಿರಲಿಕ್ಕಿಲ್ಲ. ಸಸಿಗಳನ್ನು ಕುಂಡಕ್ಕೆ ಇಳಿಸಿ, ನೆರಳು ಕಟ್ಟಿ ಬದುಕಿಸಿದವನು ಯಾದಗಿರಿಯ ಮಾಲಿ. ಅವನ ಕೈಯಲ್ಲಿ ಒಂದು ಸಸಿಯೂ ಸಾಯಲಿಲ್ಲ, ಅದೇ ದುರದೃಷ್ಟ.

ಕೊನೆಗೆ ಎಣ್ಣೆ ಇಳಿಸಿ ಪರೀಕ್ಷೆಗೆ ಕೊಟ್ಟೆವು. ಯಾವ ಅಂಶ ಎಷ್ಟಿದೆ ಎಂದು ಯಂತ್ರ ಗೆರೆ ಎಳೆದು ತೋರಿಸುತ್ತದೆ. ಕರ್ಪೂರದ ಗೆರೆ ತಾಳೆಮರದಷ್ಟು ಎದ್ದಿತ್ತು. ನಾವು ಬಯಸಿದ ಪರಿಮಳದ ಗೆರೆ ಅದರ ಬುಡದಲ್ಲೆಲ್ಲೋ ಇತ್ತು. ಗಿಡದ ತಳಿಯೇ ಬೇರೆ.

ಮಾಲೀಕರು ತಾಯಿಗಿಡವನ್ನು ನೋಡಲಿಲ್ಲ, ಮಾಲಿಯನ್ನು ನೋಡಿದರು. "ಈ ಮಗ ಏನೋ ಗೊಬ್ಬರ ಹಾಕಿ ಕೆಡಿಸ್ಯಾನ."

ಮಾಲಿ ನನ್ನ ಕಡೆ ತಿರುಗಿದ. "ಅಕ್ಕಾರ, ನೀವು ಓದಿದವ್ರು. ಗೊಬ್ಬರ ಹಾಕಿದ್ರ ಗಿಡದ ಜಾತಿ ಬದಲಾಗತೈತೇನ್ರಿ?"

ಇಷ್ಟು ಸುಲಭದ ಪ್ರಶ್ನೆಯನ್ನು ನನಗೆ ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲ.

"ಹೇಳಾಕ ಬರಂಗಿಲ್ಲಪ್ಪಾ," ಎಂದೆ.

ಕೆಲಸ ಕಳೆದುಕೊಂಡ ಅವನು ಸೋಮವಾರದಿಂದ ದಿಲ್‌ಸುಖ್‌ನಗರದಲ್ಲಿ ಇಟ್ಟಿಗೆ ಹೊರತೊಡಗಿದ. ನನ್ನ ಗುತ್ತಿಗೆ ಇನ್ನೊಂದು ವರ್ಷಕ್ಕೆ ಮುಂದುವರಿಯಿತು.