ಕುಂಕುಮ ಹಚ್ಚಿದ ಲಿನಕ್ಸ್

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಅಪ್ಪ ಬಾಗಲಕೋಟೆ ಕಡೆಯಿಂದ ನಾಶಿಕಕ್ಕೆ ಬಂದ ಗೌಂಡಿ. ನಾನು ಸಂಭಾಜಿನಗರದ ವಾಳೂಜಿನ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಎಂಜಿನಿಯರ್ ಆಗಿದ್ದೆ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಇಷ್ಟು ಕಷ್ಟಪಟ್ಟು ಓದಿದವನಿಗೆ ಒಂದು ಹಳೆಯ ಲ್ಯಾಪ್‌ಟಾಪು ಕೊಟ್ಟ ಕಾಟ ನೆನೆದರೆ ಮಾತ್ರ ಈಗಲೂ ಮೈ ಉರಿಯುತ್ತದೆ.

ದಸರೆಗೆ ಮನೆಗೆ ಬಂದಾಗ, ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿರುವ ಗೆಳೆಯ ಅದರಲ್ಲಿದ್ದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟ. "ಫುಕಟ್ ಐತಿ, ಕಿರಿಕಿರಿ ಇಲ್ಲ" ಎಂದ. ಕಿರಿಕಿರಿ ಇಲ್ಲವಂತೆ! ಸಿ ಡ್ರೈವ್ ಎಲ್ಲಿದೆಯೆಂದು ಅರ್ಧ ದಿನ ಹುಡುಕಿದೆ. ಲಿನಕ್ಸಿನಲ್ಲಿ ಅದು ಇರುವುದೇ ಇಲ್ಲವಂತೆ.

ಹಬ್ಬದ ಮರುದಿನ ಹನ್ನೊಂದಕ್ಕೆ ಕಾಯಂ ಕೆಲಸದ ಸಂದರ್ಶನ, ಆನ್‌ಲೈನ್‌ನಲ್ಲಿ. ಡ್ರಾಯಿಂಗ್ ತೆರೆದು ವಿವರಿಸಬೇಕಾದ್ದರಿಂದ ಫೋನು ಸಾಲದು. ಬೆಳಿಗ್ಗೆ ಪರೀಕ್ಷಿಸಿದರೆ ಚಿತ್ರ ಬಂತು, ಧ್ವನಿ ಇಲ್ಲ. ಗೆಳೆಯನಿಗೆ ತಿಳಿಸಿದೆ. ಅವನು ಒಂದು ಸಾಲಿನ ಕಮಾಂಡ್ ಮೇಲ್ ಮಾಡಿ, ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ ಅಂಟಿಸಲು ಹೇಳಿ, ಫೋನನ್ನು ಲಾಕರಿನಲ್ಲಿಟ್ಟು ಪಾಳಿಗೆ ಹೋದ.

ಮೌಸಿನಿಂದ ಅಂಟಿಸಿದೆ. ಪಾಸ್‌ವರ್ಡ್ ಕೇಳಿತು. ಕೀ ಒತ್ತಿದೆ, ಗುದ್ದಿದೆ. ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಬಗ್ಗಿ ನೋಡಿದರೆ ಕೀಗಳ ಸಂದಿಯಲ್ಲೆಲ್ಲ ಅರಿಷಿಣ ಕುಂಕುಮ. ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಅವ್ವ ಅಪ್ಪನ ಗಾರೆ ಕೆಲಸದ ಕರಣಿ, ರಂದಗಳ ಸಾಲಿನಲ್ಲಿ ಲ್ಯಾಪ್‌ಟಾಪನ್ನೂ ತೆರೆದಿಟ್ಟು ಪೂಜೆ ಮಾಡಿದ್ದಳು.

"ಅವ್ವಾ, ಇದಕ್ಕ ಯಾರರ ಕುಂಕುಮ ಹಚ್ತಾರೇನು? ಒಂದು ಕೀ ನಡೀವಲ್ದು!"

"ನಿಮ್ಮಪ್ಪನ ಕರಣಿಗೂ ಹಚ್ಚೇನಿ. ಅದೇನು ಗ್ವಾಡಿ ಕಟ್ಟೂದು ಬಿಟ್ಟೈತೇನು?"

"ಅದು ಕಬ್ಬಿಣ. ಇದು ಮಷೀನು!"

"ಹಂಗಂದ್ರ ನಿನ್ನ ಮಷೀನು ಭಾಳ ಮೆತ್ತಗ ಬಿಡು."

ಚಹಾ ಕುಡಿಯುತ್ತಿದ್ದ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನಾನು ಲ್ಯಾಪ್‌ಟಾಪನ್ನು ಬೋರಲು ಹಾಕಿ ಜಾಡಿಸಿದೆ. ಪಿನ್ನಿನಿಂದ ಕುಂಕುಮ ಕೆದಕಿದೆ. ಒಂದು ಕೀ ಕಿತ್ತು ಬಂದು ಟ್ರಂಕಿನ ಕೆಳಗೆ ಹಾರಿತು. ನಾಲ್ಕು ವರ್ಷ ಗುತ್ತಿಗೆಯಲ್ಲಿ ದುಡಿದದ್ದು ಇದಕ್ಕೇನಾ ಎನಿಸಿ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಷ್ಟರಲ್ಲಿ ಗೆಳೆಯನಿಗೆ ಚಹಾದ ಬಿಡುವು ಸಿಕ್ಕಿ, ಅವನ ಫೋನ್ ಬಂತು.

"ಪಾಸ್‌ವರ್ಡ್ ಬೀಳವಲ್ದಲೇ!"

"ಬೀಳತೈತಿ, ಕಾಣೂದಿಲ್ಲ. ಮಂದಿ ನೋಡಬಾರದಂತ ತೋರಸೂದ ಇಲ್ಲ ಅದು. ಸುಮ್ನ ಹೊಡದು ಎಂಟರ್ ಒತ್ತು."

"ಮೊದ್ಲ ಹೇಳಾಕ ನಿನಗೇನು ಧಾಡಿ?"

"ಎಂಜಿನಿಯರ್ ಸಾಹೇಬ್ರಿಗೆ ಗೊತ್ತಿರತೈತಿ ಅಂತ ತಿಳಕೊಂಡೆ."

ಬೈಯಲು ಸಮಯವಿರಲಿಲ್ಲ. ಕುರುಡನಂತೆ ಹೊಡೆದೆ, ಕಿತ್ತುಹೋದ ಕೀಯ ಜಾಗದಲ್ಲಿ ಬರೀ ರಬ್ಬರನ್ನು ಒತ್ತಿದೆ. ಪರದೆಯ ತುಂಬ ಏನೇನೋ ಸಾಲುಗಳು ಓಡಿದವು. ಹನ್ನೊಂದಕ್ಕೆ ಸ್ವಲ್ಪ ಮೊದಲು ಧ್ವನಿ ಬಂತು.

ಸಂದರ್ಶನ ಪೂರ್ತಿ ಮರಾಠಿಯಲ್ಲೇ ನಡೆಯಿತು. ಡ್ರಾಯಿಂಗ್ ತೋರಿಸಿದೆ, ಅಳತೆಗಳನ್ನು ವಿವರಿಸಿದೆ, ಎಲ್ಲಿಯೂ ತಡವರಿಸಲಿಲ್ಲ. ಕೊನೆಗೆ ಅಧಿಕಾರಿ, ಕಂಪ್ಯೂಟರ್ ಚೆನ್ನಾಗಿ ಬರುತ್ತದಲ್ಲವೇ ಎಂದು ಕೇಳಿದರು.

"ಹೋ, ಸರ್" ಎಂದೆ, ಹೌದು ಅಂತ.

ಆ ಉತ್ತರಕ್ಕೇ ಕೆಲಸ ಕಾಯಂ ಆಯಿತೆಂದು ಹೇಳಲಾರೆ. ಆದರೆ ಆಯಿತು.