ಹಳದಿ ಗೋಡೆಯಾಚೆಯ ಹುಲ್ಲು

ಕೋಪನ್‌ಹೇಗನ್ ಹೇಗಿದೆ ಎಂದು ಅಜ್ಜಂಪುರದಲ್ಲಿ ಯಾರು ಕೇಳಿದರೂ ಕರಿಬಸಮ್ಮ ಮೊದಲು ಮೂಗು ಮುರಿಯುತ್ತಾಳೆ. ಆಮೇಲೆ ಹುಲ್ಲಿನ ವಿಷಯ ತೆಗೆಯುತ್ತಾಳೆ.

"ಎಮ್ಮೆದೊಡ್ಡಿ ಕಾವಲಿನಂಗೆ ಹುಲ್ಲೈತೆ ಕಣೇ, ಅದೂ ಊರ್ ನಡುವೆ. ಮೇಯಕ್ಕೆ ಒಂದು ಕರು ಇಲ್ಲ. ದನ ಮಲಗೋ ಜಾಗದಲ್ಲಿ ಮನುಷ್ರು ಮಲಗಿರ್ತಾರೆ. ಅರ್ಧ ಬಟ್ಟೇಲಿ."

ಕೇಳಿದವರು ನಗುತ್ತಾರೆ. ಅವಳು ನಗುವುದಿಲ್ಲ. ಬಾಣಂತನ ಮಾಡುವವಳಿಗೆ ಗಾಳಿಯಷ್ಟು ದೊಡ್ಡ ವೈರಿ ಬೇರೆ ಇಲ್ಲ. ಅಂಥ ಗಾಳಿಯನ್ನು ಹುಡುಕಿಕೊಂಡು ಹೋಗಿ ಮೈಯೊಡ್ಡಿ ಮಲಗುವ ಜನರನ್ನು ಅವಳು ಕಣ್ಣಾರೆ ಕಂಡು ಬಂದಿದ್ದಾಳೆ.

ಅಜ್ಜಂಪುರದಿಂದ ಬೀರೂರಿನವರೆಗೆ ಅವಳ ಕಾಲ ಮೇಲೆ ಮಲಗಿ ನೀರು ಹುಯ್ಯಿಸಿಕೊಂಡ ಮಕ್ಕಳು ಈಗ ಬಸ್ಸು ಓಡಿಸುತ್ತಾರೆ, ಪಾಠ ಹೇಳುತ್ತಾರೆ. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ ಅದು. ಕರಿಬಸಮ್ಮ ಬಂದಳೆಂದರೆ ಬಾಣಂತಿಯ ತಟ್ಟೆಯಲ್ಲಿ ಅಗುಳು ಉಳಿಯುವುದಿಲ್ಲ, ಮಗುವಿಗೆ ಹಾಲು ಸಾಲದೆ ಹೋಗುವುದಿಲ್ಲ ಎಂಬುದು ಅವಳು ಸಂಪಾದಿಸಿದ ಹೆಸರು. ಆ ಹೆಸರು ಬಿಟ್ಟರೆ ಅವಳಿಗಿರುವುದು ಊರಾಚೆ ಒಂದು ತುಂಡು ಹೊಲ, ಹೊಲದ ಮೂಲೆಯಲ್ಲಿ ಗಂಡನ ಸಮಾಧಿ.

ಗೊಬ್ಬರದಂಗಡಿ ಷಣ್ಮುಖಪ್ಪನ ಮಗಳು ದೀಪಶ್ರೀಗೆ ಆ ದೂರದ ಊರಿನಲ್ಲಿ ಹೆರಿಗೆಯಾಯಿತು. ಅವಳ ಗಂಡ ಸಿದ್ದಲಿಂಗೇಶ್‌ಗೆ ಅಲ್ಲಿ ಗಾಳಿಯಂತ್ರ ಮಾಡುವ ಕಂಪನಿಯಲ್ಲಿ ಕೆಲಸ. ತಾಯಿಗೆ ಮಂಡಿ ಆಪರೇಷನ್ ಆಗಿ ಎದ್ದು ನಿಲ್ಲುವುದೇ ಕಷ್ಟವಾಗಿತ್ತು. ಷಣ್ಮುಖಪ್ಪ ಕರಿಬಸಮ್ಮನ ಪಾಸ್‌ಪೋರ್ಟಿನಿಂದ ಹಿಡಿದು ಉಣ್ಣೆಯ ಕಾಲುಚೀಲದವರೆಗೆ ಎಲ್ಲವನ್ನೂ ಹೊಂದಿಸಿದ. ಹೊರಡುವ ದಿನ, "ಅಕ್ಕಾ, ಅವ್ಳು ಹುಟ್ಟಿದಾಗ ನಿನ್ ಕೈಗೇ ಹಾಕಿದ್ದೆ. ಈಗ್ಲೂ ನಿನ್ ಕೈಗೇ ಹಾಕ್ತಿದೀನಿ" ಎಂದ. ಆ ಮಾತನ್ನು ಅವಳು ಲೇಹದ ಡಬ್ಬಿಯ ಜೊತೆಗೇ ಹೊತ್ತುಕೊಂಡು ವಿಮಾನ ಹತ್ತಿದಳು.

ಮನೆ ನಾಲ್ಕನೆಯ ಮಹಡಿಯಲ್ಲಿತ್ತು. ಕಿಟಕಿಯ ಕೆಳಗೊಂದು ಕಾಫಿ ಅಂಗಡಿ. ತಾಯಂದಿರು ಒಳಗೆ ಹರಟುತ್ತಾ ಕೂತಿದ್ದರೆ ಕೂಸುಗಳು ತಳ್ಳುಗಾಡಿಯಲ್ಲಿ, ಚಳಿಯಲ್ಲಿ, ಬೀದಿಯ ಬದಿಗೆ ನಿದ್ದೆ ಮಾಡುತ್ತಿದ್ದವು. ಮೊದಲ ಸಲ ನೋಡಿದಾಗ, ಯಾರೋ ಮಗುವನ್ನು ಮರೆತು ಹೋಗಿದ್ದಾರೆ ಎಂದು ಅವಳು ಸಿದ್ದಲಿಂಗೇಶನನ್ನು ಕೂಗಿ ಕರೆದಳು. ಅದು ಇಲ್ಲಿನ ಪದ್ಧತಿ, ಮಕ್ಕಳಿಗೆ ಒಳ್ಳೆಯದಂತೆ ಎಂದು ಅವನು ಹೇಳಿದ. ನಮ್ಮಲ್ಲಿ ಕರು ಹಾಕಿದ ಎಮ್ಮೆಗೂ ಇದಕ್ಕಿಂತ ಬುದ್ಧಿ ಇದೆ ಎಂದು ಅವಳು ಕಿಟಕಿ ಮುಚ್ಚಿದಳು. ಬಿಸಿಲು ಸ್ವಲ್ಪ ಇಣುಕಿದರೆ ಸಾಕು, ಊರಿಗೆ ಊರೇ ಪಾರ್ಕಿಗೆ ಓಡುತ್ತಿತ್ತು. ಅಷ್ಟೊಂದು ಜನ ಅಲ್ಲಿ ಏನು ಮಾಡುತ್ತಾರೆ ಎಂದು ಅವಳು ದೀಪಶ್ರೀಯನ್ನು ಕೇಳಿದಳು.

"ಏನೂ ಮಾಡಲ್ಲ ಅಜ್ಜಿ. ಸುಮ್ನೆ ಕೂತಿರ್ತಾರೆ."

ದುಡಿಯುವ ವಯಸ್ಸಿನವರು ಹಗಲು ಹೊತ್ತಿನಲ್ಲಿ ಸುಮ್ಮನೆ ಕೂರುವುದು ಕರಿಬಸಮ್ಮನಿಗೆ ರೋಗದಂತೆ ಕಂಡಿತು.

ಆದರೆ ಮುಚ್ಚಿದ ಕಿಟಕಿಯ ಒಳಗೆ ಅವಳ ಕೈಗುಣ ಸೋಲತೊಡಗಿತ್ತು. ಮೆಣಸಿನ ಸಾರು, ಬೆಳ್ಳುಳ್ಳಿ ಹುರಿದು ಹಾಕಿದ ಅನ್ನ, ತುಪ್ಪ, ಅಂಟಿನುಂಡೆ, ಎಲ್ಲವೂ ತಟ್ಟೆಯಲ್ಲೇ ತಣ್ಣಗಾಗುತ್ತಿದ್ದವು. ದೀಪಶ್ರೀ ತಲೆಗೆ ಬಟ್ಟೆ ಕಟ್ಟಿಸಿಕೊಂಡು, ಕಿವಿಗೆ ಹತ್ತಿ ಇಡಿಸಿಕೊಂಡು, ಹೇಳಿದಂತೆ ಕೇಳುತ್ತಾ ಗೋಡೆ ನೋಡುತ್ತಿದ್ದಳು. ಒಮ್ಮೊಮ್ಮೆ ಕಾರಣವಿಲ್ಲದೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಎದೆಹಾಲು ದಿನದಿನಕ್ಕೆ ಕಡಿಮೆಯಾಯಿತು. ಮಗು ಅತ್ತೂ ಅತ್ತೂ ಸುಸ್ತಾಗಿ ಮಲಗುತ್ತಿತ್ತು. ಮನೆಗೆ ಬಂದು ಹೋಗುವ ಬಿಳಿ ನರ್ಸು, ತಾಯಿಯನ್ನು ಹೊರಗೆ ಕರೆದುಕೊಂಡು ಹೋಗಿ ಎಂದು ಎರಡೆರಡು ಸಲ ಹೇಳಿದಳು. ಕರಿಬಸಮ್ಮ ಅವಳ ಬರಿಗಿವಿಗಳನ್ನು ನೋಡಿ, ದೀಪಶ್ರೀಯ ತಲೆಯ ಬಟ್ಟೆಯನ್ನು ಇನ್ನಷ್ಟು ಬಿಗಿದಳು. ಷಣ್ಮುಖಪ್ಪನ ಫೋನು ಬಂದಾಗ ಮಾತ್ರ ಅವಳ ದನಿ ತಗ್ಗುತ್ತಿತ್ತು. ಎಲ್ಲ ಚೆನ್ನಾಗಿದೆ ಎಂದು ಹೇಳಿ ಬೇಗ ಇಟ್ಟುಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಮಗು ಎದೆಗೆ ಬಾಯಿ ಹಾಕಿ, ಏನೂ ಸಿಗದೆ, ಅಳುವುದನ್ನೂ ಬಿಟ್ಟು ತಾಯಿಯ ಮುಖ ನೋಡಿತು. ಕರಿಬಸಮ್ಮ ಎದ್ದು ಅನ್ನವನ್ನು ಡಬ್ಬಿಗೆ ಹಾಕಿದಳು. ದೀಪಶ್ರೀಗೆ ಎರಡು ಸ್ವೆಟರು, ಅದರ ಮೇಲೆ ಕೋಟು, ತಲೆಗೆ ಕಂಬಳಿಯಂಥ ಶಾಲು. ಮಗುವಿನ ಕುಲಾವಿಯನ್ನು ಹುಬ್ಬಿನವರೆಗೆ ಎಳೆದಳು. "ನಡಿ, ಎಲ್ಲಾದ್ರೂ ಹತ್ರದಲ್ಲಿ. ಗಾಳಿ ಬೀಸ್ತೂ ಅಂದ್ರೆ ವಾಪಸ್" ಎಂದಳು.

ದೀಪಶ್ರೀ ಬೀದಿ ದಾಟಿಸಿ ಉದ್ದನೆಯ ಹಳದಿ ಗೋಡೆಯ ಒಳಕ್ಕೆ ಕರೆದೊಯ್ದಳು. ದೊಡ್ಡ ದೊಡ್ಡ ಮರ, ಆಗಷ್ಟೇ ಚಿಗುರಿದ ಎಲೆಗಳಿಂದ ಸೋಸಿ ಬೀಳುವ ಬೆಳಕು, ಮೊಣಕಾಲುದ್ದದ ಹುಲ್ಲು. ಗೇಟಿನ ಹತ್ತಿರದ ಬೆಂಚಿನಲ್ಲಿ ಕೂತರು. ಅಲ್ಲೂ ಅದೇ ಸೋಮಾರಿಗಳು: ಒಬ್ಬ ಅಂಗಿ ಬಿಚ್ಚಿ ಬಿದ್ದುಕೊಂಡಿದ್ದ, ಹುಡುಗಿಯೊಬ್ಬಳು ಬಾಟಲಿಯಲ್ಲಿ ಬಿಯರು ಕುಡಿಯುತ್ತಿದ್ದಳು. ಕರಿಬಸಮ್ಮ ಅವರ ಕಡೆಗೆ ಬೆನ್ನು ಮಾಡಿ ಅನ್ನ ಕಲಸಿದಳು. ದೀಪಶ್ರೀ ಬಾಯಿ ತೆರೆದಳು. ಇನ್ನೊಂದು ತುತ್ತಿಗೂ ತೆರೆದಳು. ಡಬ್ಬಿಯ ತಳ ಕಂಡಿತು.

ಮಾರನೆಯ ದಿನವೂ ಬಂದರು, ಅದರ ಮಾರನೆಯ ದಿನವೂ. ಎದೆಗೆ ಹಾಲು ಇಳಿಯತೊಡಗಿತು.

ಆ ವಾರದ ಕೊನೆಗೆ ಬೆಂಚಿನಲ್ಲಿ ಜಾಗವಿಲ್ಲದೆ ಇನ್ನಷ್ಟು ಒಳಗೆ, ಪೊದೆಗಳಾಚೆ, ಹುಲ್ಲಿನ ಮೇಲೆ ಕೂರಬೇಕಾಯಿತು. ದೀಪಶ್ರೀ ಶಾಲಿನೊಳಗೆ ಮಗುವಿಗೆ ಹಾಲೂಡಿಸುತ್ತಿದ್ದಳು. ಕರಿಬಸಮ್ಮ ಒರಗಿಕೊಳ್ಳಲು ಹಿಂದಿದ್ದ ಕಲ್ಲಿನ ಮೇಲೆ ಕೈಯಿಟ್ಟಳು. ಬೆರಳಿಗೆ ಅಕ್ಷರಗಳು ತಗುಲಿದವು. ತಿರುಗಿ ನೋಡಿದಳು. ಹೆಸರು ಓದಲಾಗಲಿಲ್ಲ, ಇಸವಿ ಓದಲಾಯಿತು: ಹುಟ್ಟಿದ್ದೊಂದು, ಸತ್ತದ್ದೊಂದು. ಆಚೆಗೂ ಅಂಥದೇ ಕಲ್ಲು. ಮರದ ಬುಡದಲ್ಲಿ ಸಾಲಾಗಿ ಕಲ್ಲು. ಬಿಯರು ಕುಡಿಯುವವರು ಬಾಟಲಿ ಒರಗಿಸಿದ್ದೂ ಅಂಥದೇ ಒಂದಕ್ಕೆ.

ಅವಳು ದಡಕ್ಕನೆ ಎದ್ದು ನಿಂತಳು. ಮೈಲಿಗೆ ಕಳೆಯದ ಕೂಸನ್ನು ಯಾರೂ ಸ್ಮಶಾನದ ಬೇಲಿಯ ಹತ್ತಿರವೂ ಸುಳಿಯಗೊಡುವುದಿಲ್ಲ. ಅವಳು ಅದನ್ನು ಹೆಣಗಳ ಮೇಲೆ ಕೂರಿಸಿ ಹಾಲು ಕುಡಿಸುತ್ತಿದ್ದಾಳೆ.

"ದೀಪಾ, ಇದು ಏನ್ ಜಾಗ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಇಲ್ಲಿನವ್ರಿಗೆ ಸ್ಮಶಾನಾನೂ ಪಾರ್ಕೇ. ಹೇಳಿದ್ರೆ ನೀನು ಬರ್ತಿದ್ಯಾ ಅಜ್ಜಿ?"

"ನಿಮ್ಮಪ್ಪಂಗೆ ಗೊತ್ತಾದ್ರೆ ನನ್ನನ್ನ ಊರಲ್ಲಿ ಯಾರಾದ್ರೂ ಹೊಸ್ತಿಲು ದಾಟಿಸ್ತಾರೇನೇ?"

"ಯಾರು ಹೇಳ್ತಾರೆ ಬಿಡು." ದೀಪಶ್ರೀ ಮಗುವಿನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಇನ್ನೊಂದು ತುತ್ತು ಕೊಡು. ಹಸಿವಾಗ್ತಿದೆ."

ಮಗು ಗುಟುಕರಿಸುವ ಸದ್ದು ಶಾಲಿನೊಳಗಿಂದ ಕೇಳುತ್ತಿತ್ತು. ಮಠದಲ್ಲಿ ಲಿಂಗೈಕ್ಯರಾದ ಸ್ವಾಮಿಗಳ ಗದ್ದುಗೆಯ ಪಕ್ಕದಲ್ಲೇ ಪಂಕ್ತಿ ಹಾಕಿ ಉಣ್ಣುತ್ತೇವಲ್ಲ ಎಂಬುದು ಕರಿಬಸಮ್ಮನಿಗೆ ಅದೇಕೋ ಆಗ ನೆನಪಾಯಿತು. ಸೊಂಟದ ಚೀಲದಿಂದ ವಿಭೂತಿ ತೆಗೆದು ಮಗುವಿನ ಹಣೆಗೆ ಹಚ್ಚಿದಳು, ದೀಪಶ್ರೀಗೆ ಹಚ್ಚಿದಳು. ಬೆರಳಿನಲ್ಲಿ ಉಳಿದದ್ದನ್ನು ಕಲ್ಲಿಗೂ ಸವರಿದಳು. ಕೆಳಗೆ ಮಲಗಿದವನಾದರೂ ಜೀವನವಿಡೀ ದುಡಿದು ಮಲಗಿರಬೇಕು, ಮೇಲೆ ಬಿದ್ದಿರುವ ಇವರಿಗೇನು ಬಂದಿದೆ ಎಂದು ಗೊಣಗುತ್ತಾ ಕೂತು, ಅನ್ನದ ಡಬ್ಬಿ ತೆರೆದಳು.

ಊರಿಗೆ ಬಂದ ಮೇಲೆ ಷಣ್ಮುಖಪ್ಪ ಅವಳಿಗೆ ಸೀರೆ ಉಡುಗೊರೆ ಕೊಟ್ಟು, ಮೊಮ್ಮಗಳ ತುಂಬುಗೆನ್ನೆಯ ಫೋಟೋವನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ. ಕರಿಬಸಮ್ಮ ಆ ಊರನ್ನು ಬೈಯುವುದನ್ನು ಮಾತ್ರ ಬಿಡಲಿಲ್ಲ. ತರೀಕೆರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹುಲ್ಲು, ಅರ್ಧ ಬಟ್ಟೆ, ಬೀದಿಯಲ್ಲಿ ಮಲಗಿಸಿದ ಕೂಸುಗಳು. ಹಳದಿ ಗೋಡೆಯ ವಿಷಯವನ್ನು ಯಾರ ಮುಂದೆಯೂ ತೆಗೆಯುವುದಿಲ್ಲ.

ಗಂಡನ ಸಮಾಧಿಗೆ ಅವಳು ಅಮಾವಾಸ್ಯೆಗೆ ಹೋಗುವುದು ಹಳೆಯ ರೂಢಿ. ನೀರು ಹಾಕಿ, ವಿಭೂತಿ ಹಚ್ಚಿ, ಕಾಯಿ ಒಡೆದು, ತಿರುಗಿ ನೋಡದೆ ಬರುತ್ತಿದ್ದಳು. ಈ ಸಲ ಪೂಜೆ ಮುಗಿದ ಮೇಲೆ ಸಮಾಧಿಯ ಕಟ್ಟೆಗೆ ಒರಗಿ ಕಾಲು ಚಾಚಿ, ಸೆರಗಿನಿಂದ ಮಂಡಕ್ಕಿಯ ಪೊಟ್ಟಣ ತೆಗೆದಳು. ರಾಗಿಯ ಪೈರಿನ ಮೇಲೆ ಸಂಜೆಬಿಸಿಲು ಬಿದ್ದಿತ್ತು. ದನ ಹೊಡೆದುಕೊಂಡು ಹೋಗುತ್ತಿದ್ದ ಪಕ್ಕದ ಹೊಲದ ಮಾರಮ್ಮ ಗಾಬರಿಯಿಂದ ನಿಂತಳು.

"ಯಾಕ್ ಕರಿಬಸಕ್ಕಾ, ಇಲ್ಲೇ ಕೂತ್ಬಿಟ್ಟೆ? ತಲೆ ಸುತ್ತು ಬಂತಾ?"

"ನಂಗೇನಾಗೈತೆ? ದನ ಪೈರಿಗೆ ಬೀಳ್ತಾವೆ, ನೋಡ್ಕಂಡ್ ಹೋಗು."

ಮಾರಮ್ಮ ಎರಡು ಸಲ ಹಿಂದಿರುಗಿ ನೋಡುತ್ತಾ ಹೋದಳು. ಕರಿಬಸಮ್ಮ ಮಂಡಕ್ಕಿಯಲ್ಲಿ ಒಂದು ಹಿಡಿಯನ್ನು ಕಟ್ಟೆಯ ಮೇಲಿಟ್ಟು, ಉಳಿದದ್ದನ್ನು ನಿಧಾನವಾಗಿ ತಿನ್ನತೊಡಗಿದಳು.