ಚಿಕ್ಕಪ್ಪ ಆಡಲು ಬಿಡದ ಹುಡುಗ

ಹುಳದ ಮನೆಯ ಹೊಸಿಲ ಬಳಿ ಬ್ಲೀಚಿಂಗ್ ಪುಡಿ ಹರಡಿತ್ತು. ಒಳಗೆ ಹೋಗುವವರು ಅದನ್ನು ತುಳಿದೇ ಹೋಗಬೇಕು, ಇಲ್ಲದಿದ್ದರೆ ಹೊರಗಿನ ರೋಗ ರೇಷ್ಮೆ ಹುಳಕ್ಕೆ ತಗಲುತ್ತದೆ. ಕಳೆದ ಭಾನುವಾರ ಕೊಪ್ಪಕ್ಕೆ ಹೋದವನು ಚಪ್ಪಲಿ ಬಿಟ್ಟು ಅದರ ಮೇಲೆ ಕಾಲಿಟ್ಟೆ. ಆ ಘಾಟು ಮೂಗಿಗೆ ಬಡಿದಾಗ ನೆನಪಾದದ್ದು ಮಂಡ್ಯದ ಡಯಾಲಿಸಿಸ್ ವಾರ್ಡು... ಅಲ್ಲಿ ನೆಲ ಒರೆಸುವ ನೀರಿಗೂ ಇದೇ ವಾಸನೆ ಇತ್ತು. ಮೊದಲ ದಿನ ಆ ವಾರ್ಡಿಗೆ ಹೋದಾಗ ಚಿಕ್ಕಪ್ಪ ಮೂಗರಳಿಸಿ, ‘ನಮ್ ಉಳದ್ ಮನೆ ಇದ್ದಂಗದೆ ಕಣ್ಲಾ’ ಅಂದಿದ್ದರು. ಅದರಿಂದ ಅವರಿಗೆ ಸ್ವಲ್ಪ ಧೈರ್ಯ ಬಂದಂತಿತ್ತು.

ಚಿಕ್ಕಪ್ಪ ನಮ್ಮಪ್ಪನ ಕೊನೆಯ ತಮ್ಮ. ಮದ್ದೂರು ಕಡೆಯ ಕೊಪ್ಪದಲ್ಲಿ ಹಿಪ್ಪುನೇರಳೆ ತೋಟ ಇಟ್ಟುಕೊಂಡು ಜೀವಮಾನವೆಲ್ಲ ರೇಷ್ಮೆ ಹುಳ ಸಾಕಿದವರು. ಕಿಡ್ನಿ ಎರಡೂ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಮಂಡ್ಯಕ್ಕೆ ಬಂದು ಯಂತ್ರಕ್ಕೆ ಎಡತೋಳು ಒಡ್ಡಿ ಮಲಗಬೇಕಾಯಿತು. ಜೊತೆಗೆ ಕೂರುವ ಕೆಲಸ ನನಗೆ ಬಂತು. ನಾನು ಇನ್ಶೂರೆನ್ಸ್ ಏಜೆಂಟು. ನನಗೆ ಮಾಡಲು ಬೇರೆ ಕೆಲಸವಿರುವುದಿಲ್ಲ ಎಂದು ನೆಂಟರೆಲ್ಲ ಗಟ್ಟಿಯಾಗಿ ನಂಬಿದ್ದಾರೆ. ಅಷ್ಟು ಹೊತ್ತು ಕೂತು ಮಾತಾಡುವುದಾದರೂ ಏನು? ನಾಲೆಗೆ ನೀರು ಬಿಟ್ಟರೋ ಇಲ್ಲವೋ, ರೇಷ್ಮೆ ಗೂಡಿಗೆ ಏನು ರೇಟು, ಇಷ್ಟು ಮುಗಿದರೆ ಮಾತೂ ಮುಗಿಯಿತು. ಆಮೇಲೆ ನಾನು ಟ್ಯಾಬ್ ತೆಗೆದು ನನ್ನ ಫುಟ್‌ಬಾಲ್ ಆಟ ಶುರು ಮಾಡುತ್ತಿದ್ದೆ.

ಆ ಆಟದಲ್ಲಿ ಚೆಂಡು ಒದೆಯುವುದು ನಾವಲ್ಲ. ನಾವು ತಂಡದ ಮ್ಯಾನೇಜರು. ಯಾರನ್ನು ಆಡಿಸಬೇಕು, ಯಾರಿಗೆ ಓಟದ ತರಬೇತಿ, ಯಾರಿಗೆ ಗೋಲು ಹೊಡೆಯುವ ತರಬೇತಿ, ಎಷ್ಟು ದುಡಿಸಬೇಕು, ಎಷ್ಟು ವಿಶ್ರಾಂತಿ ಕೊಡಬೇಕು ಅಂತ ಗೊತ್ತುಮಾಡಿ ಬಿಟ್ಟರೆ ಪಂದ್ಯ ತಾನಾಗಿ ನಡೆಯುತ್ತದೆ. ಆಟಗಾರ ಬೆಳೆಯುತ್ತಿದ್ದರೆ ಅವನ ಹೆಸರಿನ ಮುಂದೆ ಹಸಿರು ಬಾಣ, ಕುಗ್ಗುತ್ತಿದ್ದರೆ ಕೆಂಪು ಬಾಣ. ಚಿಕ್ಕಪ್ಪ ಫುಟ್‌ಬಾಲ್ ಪಂದ್ಯವನ್ನು ಒಮ್ಮೆಯೂ ಕಂಡವರಲ್ಲ. ಆದರೆ ಆ ಹಸಿರು ಬಾಣ ಅವರನ್ನು ಹಿಡಿದುಬಿಟ್ಟಿತು. ಇವರು ತಾವಾಗಿ ಬೆಳೆಯುತ್ತಾರಾ ಎಂದು ಕೇಳಿದರು. ಸಾಕಿದ ಹಾಗೆ ಬೆಳೆಯುತ್ತಾರೆ ಅಂದೆ. ಅಲ್ಲಿಗೆ ಟ್ಯಾಬ್ ನನ್ನ ಕೈ ತಪ್ಪಿತು.

ಆಟದೊಳಗೆ ವರ್ಷಕ್ಕೊಮ್ಮೆ ತಂಡಕ್ಕೆ ಹೊಸ ಹುಡುಗರು ಸೇರುತ್ತಾರೆ. ಅವರಲ್ಲಿ ಹದಿನಾರು ವರ್ಷದ ಒಬ್ಬ ನರಪೇತಲನನ್ನು ಚಿಕ್ಕಪ್ಪ ಆರಿಸಿಕೊಂಡರು. ಅವನ ಹೆಸರು ಹೇಳಲು ಅವರ ನಾಲಿಗೆ ಹೊರಳಲಿಲ್ಲ, ‘ನಮ್ ಐದ’, ಅಂದರೆ ನಮ್ಮ ಹುಡುಗ, ಎಂದೇ ಕರೆದರು. ವಾರ್ಡಿಗೆ ಬಂದು ಸೂಜಿ ಚುಚ್ಚಿಸಿಕೊಂಡ ಕೂಡಲೇ ಅವರು ಕೇಳುತ್ತಿದ್ದದ್ದು ಆ ಹುಡುಗನನ್ನೇ.

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಹಳೇ ಪೊರೆ ಕಳಚುವ ಹೊತ್ತು ಅದು. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಒಂದೆರಡು ಎದ್ದವು ಎಂದು ಅವಸರಪಟ್ಟು ಸೊಪ್ಪು ಹಾಕಿದರೆ ಎಲ್ಲ ಏರುಪೇರಾಗಿ ಬೆಳೆ ಕೆಡುತ್ತದೆ. ಚಿಕ್ಕಪ್ಪ ಹುಡುಗನಿಗೆ ತರಬೇತಿ ಕೊಟ್ಟದ್ದೂ ಹೀಗೆಯೇ. ಹಸಿರು ಬಾಣ ನಿಂತಿತೋ, ‘ಐದ ಜ್ವರುಕ್ಕೆ ಕೂತವ್ನೆ, ಬುಡು’ ಎಂದು ಪೂರ್ತಿ ವಿಶ್ರಾಂತಿ ಕೊಡಿಸುತ್ತಿದ್ದರು. ಪಂದ್ಯಕ್ಕಂತೂ ಇಳಿಸುತ್ತಲೇ ಇರಲಿಲ್ಲ. ಈ ಆಟದಲ್ಲಿ ಪಂದ್ಯ ಆಡದ ಹುಡುಗ ಬೆಳೆಯುವುದಿಲ್ಲ ಎಂದು ನಾನು ಗಂಟಲು ಹರಿದುಕೊಂಡೆ. ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಬಂಡೂರಿನ ಕುರಿ ಸಾಕುವವರು ಕೂಡ, ನಮ್ಮ ಟಗರು ಮರಿಗಳು ಗುದ್ದಾಡಿಕೊಂಡೇ ಬೆಳೆಯುತ್ತವಪ್ಪ ಎಂದು ನನ್ನ ಪರ ವಾದಿಸಿದರು. ಚಿಕ್ಕಪ್ಪ ಜಗ್ಗಲಿಲ್ಲ. ತಂಡ ಸೋಲುತ್ತಲೇ ಹೋಯಿತು. ಆಟದ ಲೆಕ್ಕದಲ್ಲಿ ಹುಡುಗ ಬೆಂಚಿನ ಮೇಲೆಯೇ ಹತ್ತೊಂಬತ್ತಕ್ಕೆ ಬಂದ.

ಅದೇ ಹೊತ್ತಿನಲ್ಲಿ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ಡಯಾಲಿಸಿಸ್ ನಂಬಿಕೊಂಡು ಬಹಳ ದಿನ ಕೂರುವ ಹಾಗಿಲ್ಲ, ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ. ನನ್ನ ರಕ್ತದ ಗುಂಪು ಹೊಂದಲಿಲ್ಲ. ಉಳಿದವಳು ಅವರ ಒಬ್ಬಳೇ ಮಗಳು, ನನ್ನ ತಂಗಿ. ಬಿ.ಕಾಂ. ಮುಗಿಸಿ ಅಪ್ಪನ ಹುಳದ ಮನೆಯನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಅವಳ ಗುಂಪು ಹೊಂದುತ್ತಿತ್ತು. ನಾನು ಕೊಡುತ್ತೇನೆ ಅಂದಳು.

‘ನೀನಿನ್ನೂ ಬೆಳ್ಯೋ ಕೂಸು ಕಣವ್ವ, ಸುಮ್ಕಿರು’ ಅಂದರು ಚಿಕ್ಕಪ್ಪ.

ಅವಳಿಗೆ ಆಗ ಇಪ್ಪತ್ತಮೂರು. ಊಟಕ್ಕೆ ಬಡಿಸುವಾಗ ಕೇಳಿದಳು, ಸೊಪ್ಪು ಕೊಯ್ಯುವಾಗ ಕೇಳಿದಳು, ಬಸ್ಸು ಹತ್ತಿಸಲು ಬಂದಾಗ ಕೇಳಿದಳು. ಬೇಡಿಕೊಂಡಳು, ಜಗಳವಾಡಿದಳು, ಎರಡು ದಿನ ಮಾತು ಬಿಟ್ಟಳು. ಮದುವೆಯಾಗಬೇಕಾದ ಹುಡುಗಿ, ಮುಂದೆ ಮಕ್ಕಳು ಮರಿ, ಸ್ವಲ್ಪ ತಡೆಯಿರಿ ಎನ್ನುವುದು ಅವರ ಒಂದೇ ಹಾಡು. ಪರೀಕ್ಷೆಯನ್ನಾದರೂ ಮಾಡಿಸೋಣ ಎಂದು ವಾರ್ಡಿನಲ್ಲಿ ನಾನು ಬಾಯಿ ತೆಗೆದರೆ, ಹುಡುಗನ ಬಾಣ ಯಾವ ಬಣ್ಣಕ್ಕಿದೆ ನೋಡು ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಟ್ಯಾಬ್ ಮುಚ್ಚಿಟ್ಟುಬಿಡಬೇಕು ಅನ್ನಿಸುತ್ತಿತ್ತು... ಮುಚ್ಚಿದರೆ ಅವರು ಸುಮ್ಮನೆ ಸೂರು ನೋಡುತ್ತ ಮಲಗುತ್ತಿದ್ದರು, ಅದು ಇನ್ನೂ ಕಷ್ಟ.

ಒಂದು ದಿನ ಆಟ ತೆರೆದರೆ ಹುಡುಗನ ಮುಂದೆ ಕೆಂಪು ಬಾಣ, ಜೊತೆಗೊಂದು ಮೆಸೇಜು. ಈ ಆಟದಲ್ಲಿ ಆಟಗಾರರಿಗೆ ಬೇಸರವಾದರೆ ಮ್ಯಾನೇಜರಿಗೆ ಹೇಳಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಓದಿದೆ: ನಾನು ತಯಾರಾಗಿದ್ದೇನೆ, ತುಂಬ ದಿನದಿಂದ ಕಾಯುತ್ತಿದ್ದೇನೆ, ನನ್ನನ್ನು ಆಡಲು ಬಿಡಿ.

ಚಿಕ್ಕಪ್ಪ ಇನ್ನೊಮ್ಮೆ ಓದಿಸಿದರು. ಆಮೇಲೆ ತಮ್ಮ ತೋಳಿನಿಂದ ಹೊರಟ ಕೊಳವೆಯನ್ನೇ ನೋಡಿದರು.

‘ಉಳ ಯಾವತ್ತೂ ಬಾಯ್ ಬುಟ್ಟು ಕೇಳಕ್ಕಿಲ್ಲ ಕಣ್ಲಾ’ ಅಂದರು. ‘ಈ ಐದ ಕೇಳ್ತಾವ್ನಲ್ಲ.’

ಕೆಳಗೆ ಎರಡು ಉತ್ತರಗಳಿದ್ದವು. ಮುಂದಿನ ಪಂದ್ಯದಲ್ಲಿ ಆಡಿಸುತ್ತೇನೆ, ಇಲ್ಲವೇ, ಇನ್ನೂ ಕಾಯಬೇಕು. ಯಾವುದನ್ನು ಒತ್ತಲಿ ಎಂದು ಕೇಳಿದೆ. ಆಡಿಸುತ್ತೇನೆ ಅನ್ನು ಅಂದರು. ಪಂದ್ಯ ಮಾತ್ರ ಈಗ ಬೇಡ, ಮುಂದಿನ ಸಲ ಬಂದಾಗ ಅಂದರು. ನಾನು ಒತ್ತಿದೆ. ಅವರನ್ನು ಕೊಪ್ಪಕ್ಕೆ ಬಿಡಲು ಬಸ್ಸಿನಲ್ಲಿ ಜೊತೆಗೆ ಹೋದೆ. ಮದ್ದೂರು ದಾಟಿದ ಮೇಲೆ, ಮಗಳು ಮನೆಯಲ್ಲಿದ್ದಾಳಾ ಎಂದು ಕೇಳಿದರು. ಇನ್ನೆಲ್ಲಿ ಹೋಗುತ್ತಾಳೆ, ಹುಳದ ಮನೆಯಲ್ಲಿರುತ್ತಾಳೆ ಅಂದೆ. ಅವಳಿಗೆ ಏನೋ ಹೇಳುವವರಿದ್ದರು ಅನ್ನಿಸುತ್ತದೆ... ಹೇಳಲಿಲ್ಲ. ಅಥವಾ ಅದು ನನ್ನ ಆಸೆಯೂ ಇರಬಹುದು.

ಮುಂದಿನ ಸಲ ಬರಲಿಲ್ಲ. ಅದಕ್ಕೆ ಮೊದಲೇ, ಒಂದು ಬೆಳಿಗ್ಗೆ ಜಗಲಿಯ ಮೇಲೆ ಕೂತಿದ್ದ ಹಾಗೆಯೇ ಎದೆ ನಿಂತು ಹೋದರು. ನಾನು ಅಳಲಿಲ್ಲ. ಶಾಮಿಯಾನದವನಿಗೆ ಹೇಳಿದೆ, ಬಂದವರಿಗೆ ಕುರ್ಚಿ ಹಾಕಿಸಿದೆ, ತಿಥಿಯ ಅಡಿಗೆಯವರನ್ನು ಗೊತ್ತುಮಾಡಿದೆ. ಒಳಗೆ ಏನೂ ಅಲ್ಲಾಡಲಿಲ್ಲ. ಟ್ಯಾಬನ್ನು ಬೀರುವಿನಲ್ಲಿಟ್ಟೆ. ನಾವು ಆಡದಿದ್ದರೆ ಆ ಆಟದಲ್ಲಿ ದಿನ ಮುಂದೆ ಹೋಗುವುದಿಲ್ಲ. ಇಲ್ಲಿ ಮೂರು ವರ್ಷ ಹೋಯಿತು, ಹುಡುಗ ಅಲ್ಲಿ ಹತ್ತೊಂಬತ್ತರಲ್ಲೇ ನಿಂತಿದ್ದ.

ಹೋದ ವಾರ ತಂಗಿಯೇ ಫೋನ್ ಮಾಡಿ, ಅಪ್ಪ ಆಡುತ್ತಿದ್ದ ಆಟ ತೆಗೆದುಕೊಂಡು ಬಾ ಅಂದಳು. ಅದಕ್ಕೇ ಭಾನುವಾರ ಹೋದದ್ದು. ಅವಳ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು, ಅವು ಏಳುವ ತನಕ ಅವಳಿಗೆ ಕೆಲಸವಿರಲಿಲ್ಲ. ಹುಳದ ಮನೆಯ ಬಾಗಿಲಲ್ಲೇ ಕೂತೆವು. ಹುಡುಗನನ್ನು ತೋರಿಸಿದೆ. ಮೆಸೇಜನ್ನು ಅವಳೇ ಓದಿಕೊಂಡಳು. ಮುಖದಲ್ಲಿ ಏನೂ ಕಾಣಲಿಲ್ಲ.

‘ನಾನೂ ಇದ್ನೇ ಅಲ್ವಾ ಅಣ್ಣ ಕೇಳಿದ್ದು.’

ಅವಳು ಮೆಸೇಜನ್ನು ಇನ್ನೊಮ್ಮೆ ಓದಿದಳು.

‘ಇವುನ್ಗೇನಂದ್ರು ಅಪ್ಪ?’

ಆಡಿಸುತ್ತೇನೆ ಅಂದರು ಎಂದೆ. ಅವಳು ತಲೆಯಾಡಿಸಿದಳು. ಪಂದ್ಯಕ್ಕೆ ಇಳಿಸುವುದು ಹೇಗೆ ಎಂದು ಕೇಳಿ ತಿಳಿದುಕೊಂಡು, ಹುಡುಗನ ಹೆಸರನ್ನು ಹನ್ನೊಂದು ಜನರಲ್ಲಿ ಸೇರಿಸಿ, ಟ್ಯಾಬನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಅಷ್ಟು ಹೊತ್ತಿಗೆ ಹುಳ ಎಲ್ಲವೂ ಜ್ವರದಿಂದ ಎದ್ದಿದ್ದವು. ಅವಳು ಸೊಪ್ಪು ಹರಡತೊಡಗಿದಳು. ನಾನು ಪಂದ್ಯ ನೋಡಿದೆ. ಹುಡುಗ ಗೋಲು ಹೊಡೆಯಲಿಲ್ಲ, ಆದರೆ ಕೊನೆಯ ತನಕ ಓಡಿದ. ಒಂದು ಹಸಿರು ಬಾಣವೂ ಬಂತು. ಅದನ್ನು ತೋರಿಸಲು ನಾನು ಟ್ಯಾಬನ್ನು ಪಕ್ಕಕ್ಕೆ ಚಾಚಿದೆ, ಮಂಚವಿದ್ದ ಕಡೆಗೆ ಚಾಚುತ್ತಿದ್ದ ಹಾಗೆ. ಅಲ್ಲಿ ಗೋಡೆ ಇತ್ತು. ಚಿಕ್ಕಪ್ಪ ಇಲ್ಲ ಎನ್ನುವುದು ನನಗೆ ತಿಳಿದದ್ದು ಆಗ.

‘ಅಣ್ಣ, ಆ ಉಡ್ಗುನ್ಗೇನಾರ ಆಯ್ತಾ?’ ನಾನು ಅಳುವುದು ಕೇಳಿಸಿತೇನೋ, ತಂಗಿ ಒಳಗಿನಿಂದ ಕೇಳಿದಳು.

‘ಇಲ್ಲ ಕಣಮ್ಮ’ ಅಂದೆ. ‘ಏನೂ ಆಗ್ನಿಲ್ಲ.’